ಅದೊಂದು ಬರಲಿಲ್ಲ

“ಎಲ್ಲಾ ಚೊಲೋ ಹೇಳಿದ್ರಿ ಅಯ್ಯನವರ. ಅದೊಂದು ಬರಲಿಲ್ಲ.”

ಭಾನುವಾರದ ಆರಾಧನೆ ಮುಗಿದು ನಾನು ಚರ್ಚಿನ ಬಾಗಿಲಲ್ಲಿ ನಿಂತು ಸಭೆಯವರನ್ನು ಕಳಿಸಿಕೊಡುವಾಗ ಎಸ್ತೇರವ್ವ ಎಲ್ಲರಿಗಿಂತ ಹಿಂದೆ ಉಳಿದು ಬಂದು ಈ ಮಾತು ಹೇಳುತ್ತಿದ್ದಳು. ದೂರುವ ದನಿಯಲ್ಲಿ ಅಲ್ಲ. ಉಂಡು ಏಳುವವರು ‘ಎಲ್ಲಾ ಇತ್ತು, ಮಜ್ಜಿಗಿ ಒಂದು ಇರಲಿಲ್ಲ’ ಎನ್ನುವ ಹಾಗೆ. ಹೇಳಿ ಕೈಮುಗಿದು, ಮೆಟ್ಟಿಲ ಕೆಳಗೆ ತನ್ನ ಚಪ್ಪಲಿ ಹುಡುಕಿಕೊಂಡು ಹೋಗಿಬಿಡುತ್ತಿದ್ದಳು. ನಾನು ನಗುನಗುತ್ತಲೇ ನಿಂತಿರುತ್ತಿದ್ದೆ. ಒಳಗೆ ಮಾತ್ರ ಹಸಿಮೆಣಸಿನಕಾಯಿ ಕಡಿದ ಹಾಗೆ ಆಗುತ್ತಿತ್ತು.

ರಾಣೇಬೆನ್ನೂರಿನ ನಮ್ಮ ಸಭೆ ದೊಡ್ಡದಲ್ಲ, ಎಲ್ಲ ಸೇರಿ ಅರವತ್ತು ಮನೆ. ನಾನು ಹಾವೇರಿಯವನು. ದೈವಶಾಸ್ತ್ರ ಓದಿ ಮುಗಿಸಿ, ಮೂವತ್ತು ತುಂಬುವ ಮೊದಲೇ ಇಲ್ಲಿಗೆ ಪಾಸ್ಟರಾಗಿ ಬಂದೆ. ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಬಾರದು ಎಂಬುದು ಆಗ ನನ್ನ ಹಟವಾಗಿತ್ತು. ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂದು ಜನ ಆಡಿಕೊಳ್ಳಬಾರದಲ್ಲ. ವಾರವಿಡೀ ಪುಸ್ತಕ ತಿರುವಿ, ಹೊಸ ವಿಷಯ, ಹೊಸ ಕಥೆ, ಹೊಸ ಉದಾಹರಣೆ ಹುಡುಕಿ ತಂದು ಭಾನುವಾರ ಬಡಿಸುತ್ತಿದ್ದೆ. ಜನರೂ ತಲೆದೂಗುತ್ತಿದ್ದರು. ಕೊನೆಗೆ ಈ ಎಲೆ ಮಾರುವ ಹೆಂಗಸು ಬಂದು ಒಂದೇ ಮಾತಿನಲ್ಲಿ ನನ್ನ ವಾರದ ದುಡಿಮೆಯನ್ನೆಲ್ಲ ಮಗುಚಿ ಹಾಕುತ್ತಿದ್ದಳು.

ಆಕೆಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಬೈಬಲ್ ಇಲ್ಲದೆ ಚರ್ಚಿಗೆ ಬಂದವಳಲ್ಲ. ನಾನು ಓದುವಾಗ ತಾನೂ ಯಾವುದೋ ಒಂದು ಪುಟ ತೆರೆದು ಹೆಬ್ಬೆರಳು ಊರಿಕೊಂಡು ಕೂತಿರುತ್ತಿದ್ದಳು. ಆ ಪುಸ್ತಕದ ತುಂಬ ಹಸಿರು ಹೆಬ್ಬೆರಳಿನ ಗುರುತು. ನಲವತ್ತು ವರ್ಷ ವೀಳ್ಯದೆಲೆ ಮುಟ್ಟಿದ ಬೆರಳು ಎಷ್ಟು ತಿಕ್ಕಿದರೂ ಬಣ್ಣ ಬಿಡುತ್ತಿರಲಿಲ್ಲ. ಕುಳ್ಳಗಿನ ಗಟ್ಟಿ ಆಳು, ಅಗಲ ಹಣೆ, ನಕ್ಕರೆ ಒಂದು ಕಡೆಯಷ್ಟೇ ಕಾಣುವ ಹಲ್ಲು. ಎಲೆ ಮಾರುತ್ತಿದ್ದರೂ ತಾನು ಎಲೆ ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಕೇಳಿದರೆ, “ಮಾರೂದು ಬ್ಯಾರೆ, ತಿನ್ನೂದು ಬ್ಯಾರೆ ಬಿಡ್ರಿ. ಹೂ ಮಾರಾಕಿ ಎಲ್ಲಾ ತಲೀಗೆ ಮುಡಕೋತಾಳೇನು?” ಎನ್ನುತ್ತಿದ್ದಳು.

ಮಾರುಕಟ್ಟೆಯ ಮೂಲೆಯಲ್ಲಿ ಆಕೆಯ ಬುಟ್ಟಿ. ಐರಣಿ ಕಡೆಯ ತೋಟದಿಂದ ಎಲೆ ಬರುತ್ತಿತ್ತು. ಪಕ್ಕದಲ್ಲಿ ನೂರ್‌ಜಾನ್ ಎಂಬಾಕೆ ಲಿಂಬೆಹಣ್ಣು, ಕೊತ್ತಂಬರಿ ಇಟ್ಟುಕೊಂಡು ಕೂರುತ್ತಿದ್ದಳು. ಇಬ್ಬರದೂ ಎಷ್ಟೋ ವರ್ಷದಿಂದ ಒಂದೇ ಗೋಣಿತಟ್ಟಿನ ನೆರಳು. ಭಾನುವಾರ ಬೆಳಿಗ್ಗೆ ಎಸ್ತೇರವ್ವ ಚರ್ಚಿಗೆ ಹೊರಟರೆ ಎಲೆಬುಟ್ಟಿ ನೂರ್‌ಜಾನಳ ಸುಪರ್ದಿಗೆ. ತಿರುಗಿ ಬಂದ ಕೂಡಲೇ ನೂರ್‌ಜಾನಳ ಪ್ರಶ್ನೆ ಒಂದೇ.

“ಇವತ್ತರ ಬಂತೇನ ಎಸ್ತೇರಕ್ಕಾ?”

“ಬಂತವ್ವಾ, ಬಂತು,” ಎಂದೋ, “ಇಲ್ಲ ಬಿಡ, ಇವತ್ತೂ ಬರಲಿಲ್ಲ,” ಎಂದೋ ಉತ್ತರ. ಬಂದ ದಿನ ಗಿರಾಕಿಗಳಿಗೆ ಮೇಲೊಂದು ನಾಲ್ಕು ಎಲೆ ಹೆಚ್ಚಿಗೆ ಬೀಳುತ್ತಿದ್ದವಂತೆ. ಏನು ಬಂತು, ಏನು ಬರಲಿಲ್ಲ ಎಂದು ನೂರ್‌ಜಾನ್ ಕೇಳಿದವಳಲ್ಲ. ಅಕ್ಕನಿಗೆ ಬೇಕಾದದ್ದು ಏನೋ ಒಂದು ಅಲ್ಲಿ ಕೆಲವು ವಾರ ಬರುತ್ತದೆ, ಕೆಲವು ವಾರ ಬರುವುದಿಲ್ಲ ಎಂಬಷ್ಟು ಆಕೆಗೆ ಸಾಕಾಗಿತ್ತು.

ಅದು ಏನೆಂದು ತಿಳಿಯಲು ನನಗೂ ಎರಡು ತಿಂಗಳು ಹಿಡಿಯಿತು. ಒಂದು ಭಾನುವಾರ ತಡೆಯಲಾರದೆ ಕೇಳಿಯೇಬಿಟ್ಟೆ.

“ಯಾವುದು ಬರಲಿಲ್ಲ ಎಸ್ತೇರವ್ವ?”

“ಅದ ರೀ. ನಮ್ಮ ಪಾಪದ ಸಲುವಾಗಿ ಸ್ವಾಮಿ ಸತ್ತದ್ದು. ಹುಗದದ್ದು. ಮೂರನೇ ದಿನಾ ಎದ್ದದ್ದು. ಆ ಹೆಣ್ಣಮಕ್ಕಳು ನಸುಕಿನ್ಯಾಗ ಸಮಾಧಿಗೆ ಹೋಗೂದ್ರಾಗ ಬಾಗಲಾ ತಗದಿದ್ದು.”

“ಅದು ನಿಮಗ ಗೊತ್ತೈತಲ್ಲ?”

“ಗೊತ್ತೈತ್ರಿ.”

“ಮತ್ತ?”

“ಗೊತ್ತಿದ್ದದ್ದ ಕೇಳಬೇಕ್ರಿ,” ಎಂದಳು. ಇಷ್ಟು ಓದಿದವನಿಗೆ ಇದೂ ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿದಳು.

ಒಮ್ಮೆ ಏನೋ ಕೆಲಸಕ್ಕೆ ಮಾರುಕಟ್ಟೆಗೆ ಹೋದವನು ಆಕೆ ಎಲೆ ಹೊಳ್ಳಿಸುವುದನ್ನು ನೋಡುತ್ತ ನಿಂತೆ. ಬೆಳಿಗ್ಗೆ ಬಂದವಳೇ ಒಂದೊಂದು ಕಟ್ಟನ್ನೂ ಬಿಚ್ಚಿ, ಎಲೆಗಳನ್ನು ಮಗ್ಗುಲು ಬದಲಿಸಿ, ಕಲೆ ಬಿದ್ದದ್ದನ್ನು ಕಿತ್ತು ಬಿಸಾಕಿ, ಒದ್ದೆ ಅರಿವೆಯಲ್ಲಿ ಮತ್ತೆ ಸುತ್ತುತ್ತಿದ್ದಳು. “ನಿನ್ನೆನ ಹೊಳ್ಳಿಸಿಟ್ಟಿದ್ನಲ್ಲಾ ಅಂತ ಇವತ್ತು ಬಿಟ್ರ ಮುಗೀತ್ರಿ. ಒಂದು ಎಲಿ ಕೊಳತ್ರ ಮಗ್ಗಲದ್ದನ್ನೂ ಕರಕೊಂಡು ಹೋಗತದ,” ಎಂದಳು. ನನಗೆ ಹಬ್ಬವಾಯಿತು. ಬರುವ ಭಾನುವಾರ ಇದನ್ನೇ ಇಟ್ಟುಕೊಂಡು ಪ್ರಸಂಗ ಮಾಡಿದೆ. ನಮ್ಮ ನಡತೆಯನ್ನು ದಿನವೂ ತಿರುವಿ ನೋಡಬೇಕು, ಕೊಳೆತದ್ದನ್ನು ಆರಿಸಿ ತೆಗೆಯಬೇಕು ಎಂದು ಮುಕ್ಕಾಲು ಗಂಟೆ. ಸಭೆ ಎಲ್ಲ ಎಸ್ತೇರವ್ವನ ಕಡೆ ತಿರುಗಿ ತಿರುಗಿ ನೋಡಿ ನಕ್ಕಿತು. ಇವತ್ತಾದರೂ ಮೆಚ್ಚುತ್ತಾಳೆ ಎಂದು ಬಾಗಿಲಲ್ಲಿ ಕಾದು ನಿಂತೆ.

“ನನ್ನ ಎಲಿ ಬಂತ್ರಿ ಅಯ್ಯನವರ,” ಎಂದಳು ಸಂಕೋಚದಿಂದ. “ಅದೊಂದು ಬರಲಿಲ್ಲ.”

ಇನ್ನೊಂದು ಅಭ್ಯಾಸವಿತ್ತು ಆಕೆಗೆ. ನಮ್ಮಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳುವ ಹೊಸಬರಿಗೆ ವರ್ಷಕ್ಕೊಮ್ಮೆ ಆರು ವಾರ ಪಾಠ ಮಾಡುತ್ತೇವೆ. ಮೊದಲನೆಯ ಪಾಠ ಸುವಾರ್ತೆಯ ಮೂಲ ಮಾತು: ಎಲ್ಲರೂ ತಪ್ಪಿದವರು, ಆ ತಪ್ಪಿಗೆ ಕ್ರಿಸ್ತ ಸತ್ತ, ಎದ್ದ, ನಾವು ಮಾಡಿ ತೀರಿಸುವುದು ಏನೂ ಉಳಿದಿಲ್ಲ. ಸ್ನಾನವಾಗಿ ಎಷ್ಟೋ ವರ್ಷ ಕಳೆದಿದ್ದ ಎಸ್ತೇರವ್ವ ಪ್ರತಿವರ್ಷ ಆ ಮೊದಲನೆಯ ಪಾಠಕ್ಕೆ ತಪ್ಪದೆ ಬಂದು, ಕಾಲೇಜು ಹುಡುಗ ಹುಡುಗಿಯರ ನಡುವೆ ಚಾಪೆಯ ಮೇಲೆ ಕೂರುತ್ತಿದ್ದಳು. ಎರಡನೆಯ ವಾರದಿಂದ ಬರುತ್ತಿರಲಿಲ್ಲ. ಹೆಂಗಸರು ಸಮಾಧಿಯ ಕಲ್ಲನ್ನು ಯಾರು ಸರಿಸಿಕೊಟ್ಟಾರು ಎಂದು ಚಿಂತೆ ಮಾಡುತ್ತ ಹೋದದ್ದು, ಹೋಗಿ ನೋಡಿದರೆ ಬಾಗಿಲು ಮೊದಲೇ ತೆಗೆದಿದ್ದದ್ದು, ಆ ಜಾಗಕ್ಕೆ ಬಂದಾಗ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಫ್ಯಾನು ಸರಿಯಿಲ್ಲ, ಸೆಕೆ ಎಂದು ನಾನು ತಿಳಿದಿದ್ದೆ. ಒಂದು ವರ್ಷ ಹೊಸ ಫ್ಯಾನು ಹಾಕಿಸಿದೆ ಕೂಡ.

ಒಮ್ಮೆ ಪಾಠ ಮುಗಿದ ಮೇಲೆ ಚಾಪೆ ಸುತ್ತುತ್ತ ಕೇಳಿದಳು: “ನಮಗ ನೀವು ಹೇಳತೀರಿ. ನಿಮಗ ಯಾರು ಹೇಳತಾರ್ರಿ ಅಯ್ಯನವರ?”

“ನಾನ ಹೇಳಾಂವ ಅಲ್ಲೇನು? ನನಗ ಯಾಕ ಹೇಳಬೇಕು?” ಎಂದು ನಕ್ಕೆ.

“ಹೇಳಾಂವಗ ಕೇಳಾಂಗಿಲ್ಲೇನ್ರಿ?” ಎಂದಳು. ಮರುಕದಿಂದ ಕೇಳಿದಂತಿತ್ತು. ಎಲೆ ಮಾರುವವಳು ನನಗೆ ಮರುಕ ತೋರಿಸುವುದೇ ಎಂದು ಆ ಹೊತ್ತು ಸಿಟ್ಟೇ ಬಂತು.

ಈಗ ನಾಚಿಕೆಯ ಮಾತಿಗೆ ಬರುತ್ತೇನೆ. ಬಹಳ ದಿನ ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಐದು ವರ್ಷದ ಹಿಂದೆ ಇರಬೇಕು, ಚರ್ಚಿಗೆ ಪ್ರೊಜೆಕ್ಟರ್ ಬಂದಿತ್ತು. ನಾನು ‘ಸುಖೀ ಕುಟುಂಬಕ್ಕೆ ಹನ್ನೆರಡು ಸೂತ್ರಗಳು’ ಎಂದು ಹನ್ನೆರಡು ವಾರದ ಸರಣಿ ಹಿಡಿದೆ. ವಾರಕ್ಕೊಂದು ಸೂತ್ರ, ಗೋಡೆಯ ಮೇಲೆ ಬಣ್ಣದ ಚಿತ್ರ. ಯುವಕರು ಅದನ್ನು ಮೊಬೈಲಿನಲ್ಲಿ ಹಿಡಿದು ಎಲ್ಲ ಕಡೆ ಕಳಿಸುತ್ತಿದ್ದರು. ಹಾವೇರಿಯಿಂದ ನನ್ನ ಗೆಳೆಯರು ಫೋನು ಮಾಡಿ ಹೊಗಳುತ್ತಿದ್ದರು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಹನ್ನೊಂದು ಭಾನುವಾರ ಎಸ್ತೇರವ್ವ ಬಾಗಿಲಲ್ಲಿ ಅದೇ ಮಾತು ಹೇಳಿದಳು, ನಾನು ಹಲ್ಲು ಕಚ್ಚಿ ಕೈಮುಗಿದೆ. ಹನ್ನೆರಡನೆಯ ಭಾನುವಾರ ಹುಬ್ಬಳ್ಳಿಯಿಂದ ಹಿರಿಯ ಪಾಸ್ಟರೊಬ್ಬರು ಅತಿಥಿಯಾಗಿ ಬಂದು ನನ್ನ ಮಗ್ಗುಲಲ್ಲೇ ನಿಂತಿದ್ದರು. ಅವರ ಎದುರಿಗೂ ಎಸ್ತೇರವ್ವ ಹಾಗೆಯೇ ಹೇಳಿದಳು. ಅವರು ನನ್ನ ಹೆಗಲು ತಟ್ಟಿ, “ನಿಮ್ಮ ಸಭಾದಾಗ ಒಬ್ಬರು ಪರೀಕ್ಷಕರ ಇದ್ದಾರಲ್ರೀ,” ಎಂದು ನಕ್ಕರು. ಸುತ್ತ ಇದ್ದ ನಾಲ್ಕು ಜನರೂ ನಕ್ಕರು. ನನ್ನ ಕಿವಿ ಕಾದುಹೋದವು.

ಅದೇ ವಾರ ಹೊಸಬರ ಪಾಠ ಶುರುವಾಯಿತು. ಎಂದಿನಂತೆ ಎಸ್ತೇರವ್ವ ಬಂದು ಚಾಪೆಯ ತುದಿಗೆ ಕೂತಳು, ಬೈಬಲ್ ತೊಡೆಯ ಮೇಲೆ. ನಾಲ್ಕು ಜನ ಹೊಸಬರಿದ್ದರು. ನಾನು ಪುಸ್ತಕ ತೆರೆಯಲಿಲ್ಲ.

“ಎಸ್ತೇರವ್ವ, ಇದು ಹೊಸಬರ ಪಾಠ. ನಿಮ್ಮ ಸ್ನಾನ ಆಗಿ ಮೂವತ್ತು ವರ್ಷ ಆತು. ಇನ್ನೂ ಒಂದನೇ ಇಯತ್ತೇದಾಗ ಕುಂತ್ರ ಹೆಂಗ? ಯಾಕ ಬರತೀರಿ, ಹೇಳ್ರಿ.”

ಆಕೆ ನನ್ನನ್ನು ನೋಡಿದಳು. ಆ ನಾಲ್ವರನ್ನು ನೋಡಿದಳು. “ಒಂದು ಐತ್ರಿ ಅಯ್ಯನವರ. ಆಮ್ಯಾಲೆ ಹೇಳತೇನಿ,” ಎಂದಳು.

“ಆಮ್ಯಾಲೇನು? ಮೂವತ್ತು ವರ್ಷ ಕೇಳಿದ ಮ್ಯಾಲೂ ಒಳಗ ಇಳದಿಲ್ಲಂದ್ರ ಅದಕ್ಕ ಅಪನಂಬಿಕೆ ಅಂತಾರ. ಏಳ್ರಿ, ಇವರಿಗೆ ಜಾಗಾ ಬಿಡ್ರಿ.”

ಜಾಗ ಬೇಕಾದಷ್ಟಿತ್ತು. ಐದು ಜನಕ್ಕೆ ಹಾಸಿದ್ದ ಚಾಪೆಯಲ್ಲಿ ಇನ್ನೂ ಐದು ಜನ ಹಿಡಿಸುತ್ತಿದ್ದರು. ಒಬ್ಬ ಹುಡುಗಿ ಕಿಸಕ್ಕೆಂದಳು. ಎಸ್ತೇರವ್ವ ಮೊಣಕಾಲ ಮೇಲೆ ಕೈ ಊರಿ ಎದ್ದು, ಬೈಬಲನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಹೋದಳು. ರಸ್ತೆಯಲ್ಲಿ ಟ್ರ್ಯಾಕ್ಟರಿನ ಗದ್ದಲ. “ಬಾಗಲಾ ಹಾಕ್ಕೊಂಡು ಹೋಗ್ರಿ,” ಎಂದೆ. ಆಕೆ ಬಾಗಿಲಿಗೆ ಕೈಯಿಟ್ಟು ನಿಂತಳು. ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಹಾಕದೆಯೇ ಹೊರಟುಹೋದಳು. ಸೊಕ್ಕು ನೋಡು ಎಂದುಕೊಂಡು ನಾನೇ ಎದ್ದು ಹೋಗಿ, ಆಕೆಯ ಬೆನ್ನಿಗೆ ಕೇಳಲಿ ಎಂದೇ ಸಪ್ಪಳ ಮಾಡಿ ಚಿಲಕ ಹಾಕಿದೆ. ಬಂದು ಕೂತು ‘ದೇವರ ಕೃಪೆ’ ಎಂದು ಪಾಠ ಶುರು ಮಾಡಿದೆ.

ಅನಂತರವೂ ಆಕೆ ಭಾನುವಾರ ತಪ್ಪಿಸಲಿಲ್ಲ. ಬಾಗಿಲಲ್ಲಿ ಕೈಮುಗಿದು ಸುಮ್ಮನೆ ಹೋಗುತ್ತಿದ್ದಳು, ಅಷ್ಟೇ. ಗೆದ್ದೆ ಎಂದುಕೊಂಡೆ. ಒಂದು ದಿನ ಲಿಂಬೆಹಣ್ಣು ಕೊಳ್ಳಲು ನಿಂತಾಗ ನೂರ್‌ಜಾನ್ ದನಿ ತಗ್ಗಿಸಿ ಕೇಳಿದಳು: “ಏನಂದ್ರಿ ಅಯ್ಯನವರ ಅಕ್ಕಗ? ಬಂತೇನ ಅಂತ ಕೇಳಿದ್ರ ಈಗ ಏನೂ ಹೇಳೂದಿಲ್ಲ. ಸುಮ್ಮನ ಎಲಿ ಹೊಳ್ಳಸಕೋತ ಕುಂದ್ರತಾಳ.” ನಾನು ಕೇಳಿಸಲಿಲ್ಲ ಎಂಬಂತೆ ಹಣ್ಣು ಚೀಲಕ್ಕೆ ಹಾಕಿಕೊಂಡು ಬಂದೆ.

ಎರಡು ವರ್ಷದ ಮೇಲೆ ಆಕೆಯ ಮಂಡಿ ಹಿಡಿದುಕೊಂಡವು. ಬ್ಯಾಡಗಿಯಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಹಾವೇರಿಗೆ ನಾನು ತಿಂಗಳಿಗೆರಡು ಸಲ ರೈಲಿನಲ್ಲಿ ಹೋಗುವವನು, ಬ್ಯಾಡಗಿ ನಡುವೆಯೇ ಸಿಗುತ್ತದೆ. ಸುಗ್ಗಿಯಲ್ಲಿ ಸ್ಟೇಷನ್ ಬರುವ ಮೊದಲೇ ಮೆಣಸಿನಕಾಯಿ ಘಾಟು ಕಿಟಕಿಯಿಂದ ಒಳಗೆ ಬಂದು ಡಬ್ಬಿಯ ಜನವೆಲ್ಲ ಸೀನುತ್ತಾರೆ. ನಾನೂ ಮೂಗಿಗೆ ಕರವಸ್ತ್ರ ಹಿಡಿದು ಇನ್ನೊಂದು ಕಡೆಗೆ ತಿರುಗಿ ಕೂರುತ್ತಿದ್ದೆ. ಇಳಿದರೆ ಹತ್ತು ನಿಮಿಷದ ದಾರಿ. ಪಾಸ್ಟರಾದವನು ತನ್ನ ಸಭೆಯ ಮುದುಕಿಯನ್ನು ನೋಡಲು ಹೋಗುವುದು ಉಪಕಾರವಲ್ಲ, ಕೆಲಸ. ಆದರೂ ಒಂದೂವರೆ ವರ್ಷ ಇಳಿಯಲಿಲ್ಲ. ಹೋದರೆ ಆಕೆಯ ಮುಖ ನೋಡಬೇಕಾಗುತ್ತಿತ್ತು.

ಕೊನೆಗೆ ಮಗಳೇ ಫೋನು ಮಾಡಿದಳು. “ಅವ್ವ ನಿಮ್ಮನ್ನ ನೋಡಬೇಕಂತಾಳ್ರಿ. ಒಮ್ಮಿ ಬಂದು ಹೋಗ್ರಿ.”

ಸಾಲುಮನೆಯ ಓಣಿ. ಎದುರಿನ ಶೆಡ್ಡಿನಲ್ಲಿ ಹತ್ತಿಪ್ಪತ್ತು ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. ಮಗಳು ಅಲ್ಲಿಂದಲೇ ಎದ್ದು ಬಂದು ನನ್ನನ್ನು ಒಳಗೆ ಕರೆದಳು. ಎಸ್ತೇರವ್ವ ಹೊಸ್ತಿಲ ಹತ್ತಿರ, ಬೆಳಕಿಗೆ ಕೂತು ತಾನೂ ಒಂದು ಮೊರದ ತುಂಬ ಕಾಯಿ ಇಟ್ಟುಕೊಂಡಿದ್ದಳು. ಹಸಿರಿದ್ದ ಬೆರಳು ಈಗ ಕೆಂಪಾಗಿದ್ದವು. ನನ್ನನ್ನು ನೋಡಿ ಒಂದು ಕಡೆಯ ಹಲ್ಲು ಕಾಣುವಂತೆ ನಕ್ಕಳು.

“ಕಿವಿ ಪೂರಾ ಹೋಗ್ಯಾವ್ರಿ,” ಎಂದಳು ಮಗಳು. “ಬಾಯಿ ನೋಡಿ ಒಂದೊಂದು ಮಾತು ತಿಳಕೋತಾಳ. ನೀವು ಹೇಳಿದ್ದೇನೂ ಕೇಳೂದಿಲ್ಲ. ಆಕೀನ ಮಾತಾಡತಾಳ, ಕೇಳ್ರಿ.” ಹೀಗೆಂದು ಚಹಾ ಇಡಲು ಒಳಗೆ ಹೋದಳು.

ಎಸ್ತೇರವ್ವ ಮೊರ ಬದಿಗೆ ಸರಿಸಿದಳು.

“ಅವತ್ತು ಕೇಳಿದ್ರಲ್ಲ ಅಯ್ಯನವರ, ಯಾಕ ಬರತೀರಿ ಅಂತ. ಆ ಹುಡುಗರ ಮುಂದ ಹೇಳೂದಲ್ಲಂತ ಸುಮ್ಮನಾದೆ. ಸಿಟ್ಟಿಗೆದ್ದು ಹೋದ್ಲು ಅಂತ ತಿಳಕೊಂಡಿರಬೇಕು ನೀವು. ಸಿಟ್ಟಲ್ರಿ.”

ಆಮೇಲೆ ಹೇಳಿದಳು. ಮದುವೆಯಾದ ಹೊಸತರಲ್ಲಿ ಇವರ ಮನೆ ಹಲಗೇರಿಯಲ್ಲಿತ್ತು. ಅತ್ತೆಗೆ ಬುದ್ಧಿ ಭ್ರಮಣೆ, ಬಾಗಿಲು ತೆರೆದಿದ್ದರೆ ಹೊಲದ ಕಡೆ ನಡೆದುಬಿಡುತ್ತಿದ್ದಳು, ಎರಡು ಸಲ ಬಾವಿಯ ಹತ್ತಿರ ಸಿಕ್ಕಿದ್ದಳು. ಒಂದು ದಿನ ಗಂಡ ಊರಲ್ಲಿರಲಿಲ್ಲ. ಎಸ್ತೇರವ್ವ ಹೊರಗಿನಿಂದ ಚಿಲಕ ಹಾಕಿಕೊಂಡು ಹಾವೇರಿ ಸಂತೆಗೆ ಎಲೆ ತೆಗೆದುಕೊಂಡು ಹೋದಳು. ಮಧ್ಯಾಹ್ನಕ್ಕೆ ತಿರುಗಿ ಬರಬೇಕಾದವಳು, ಮಾರಾಟ ಚೆನ್ನಾಗಿದೆ ಎಂದು ಸಂಜೆಯವರೆಗೆ ಉಳಿದಳು.

“ಬಂದು ಬಾಗಲಾ ತಗದ್ರ ತಗೀವಲ್ದು. ಒಳಗ ಬಾಗಲಕ್ಕ ಹತ್ತಿ ಬಿದ್ದಿದ್ಲು ಮುದುಕಿ. ಬಡದು ಬಡದು ಕೈ ಬಾತಿದ್ವು, ಜೀವಾ ಹೋಗಿತ್ತು. ನನ್ನ ಗಂಡ ಒಂದು ಮಾತು ಅನಲಿಲ್ಲ. ಅಂದಿದ್ರ ಚೊಲೋ ಇತ್ತು.”

ಚಹಾದ ಪಾತ್ರೆಯ ಸಪ್ಪಳ ಒಳಗಿನಿಂದ ಬರುತ್ತಿತ್ತು. ಅದೂ ಆಕೆಗೆ ಕೇಳುತ್ತಿರಲಿಲ್ಲ.

“ಎರಡು ವರ್ಷ ಬಾಗಲಾ ಹಾಕಲಿಲ್ರಿ ನಾನು. ತಗದ ಇಟ್ಟು ಹೋಗತಿದ್ದೆ. ಆಮ್ಯಾಲೆ ಒಬ್ಬರು ಅಯ್ಯನವರು ಹಲಗೇರಿಗೆ ಬಂದು ಗಿಡದ ಬುಡಕ ಕುಂತು ಹೇಳಿದ್ರು. ಸ್ವಾಮಿ ಸತ್ತದ್ದು, ಹುಗದು ಕಲ್ಲು ಮುಚ್ಚಿದ್ದು. ಹೆಣ್ಣಮಕ್ಕಳು ಹೋಗೂದ್ರಾಗ ಬಾಗಲಾ ತಗದಿತ್ತು ಅಂದ್ರು. ಆಗ ನಂಬಿದೆ. ಖರೇನ ನಂಬಿದೆ ಅಯ್ಯನವರ, ಅಪನಂಬಿಕೆ ಅಲ್ಲ. ಆದ್ರ ದಿನಾ ಬೆಳಿಗ್ಗೆ ಬುಟ್ಟಿ ತಗೊಂಡು ಹೊಂಡುವಾಗ ಚಿಲಕ ಹಾಕಬೇಕಲ್ರಿ? ಅದರ ಸಪ್ಪಳ ಆತಂದ್ರ ಮುದುಕಿ ಕೈ ಕಣ್ಣಮುಂದ ಬರತಾವ. ಅದು ದಿನಾ ಬರತದ. ಹಂಗಂದ ಮ್ಯಾಲೆ ಇದೂ ದಿನಾ ಬರಬೇಕಲ್ರಿ? ನಿಮ್ಮನ್ನ ವಾರಕ್ಕೊಮ್ಮಿ ಅಷ್ಟ ಕೇಳತಿದ್ದೆ.”

ಅವತ್ತು ಚರ್ಚಿನಲ್ಲಿ ನಾನು ಹಾಕಿದ ಚಿಲಕದ ಸಪ್ಪಳ ನನ್ನ ಕಿವಿಯಲ್ಲಿ ಬಡಿಯಿತು. ಬೇಕೆಂದೇ ಹಾಕಿದ್ದು. ಆಕೆಯ ಬೆನ್ನಿಗೆ ತಾಗಲಿ ಎಂದು ಹಾಕಿದ್ದು. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ.

“ತಪ್ಪಾತು ಎಸ್ತೇರವ್ವ,” ಎಂದೆ.

“ಏನಂದ್ರಿ? ಕೇಳವಲ್ದು.”

“ತಪ್ಪಾತು ಅಂದೆ. ನಿಮ್ಮನ್ನ ಎಬ್ಬಿಸಿ ಕಳಿಸಿದ್ದು ತಪ್ಪಾತು.”

ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು. ಆದರೆ ನನ್ನ ತುಟಿ ನಡುಗುತ್ತಿದ್ದವು, ಮಾತು ಓದಲಾಗುತ್ತಿರಲಿಲ್ಲ ಎಂದು ಕಾಣುತ್ತದೆ. ಜೋರಾಗಿ ಹೇಳೋಣವೆಂದರೆ ಎದುರಿನ ಶೆಡ್ಡಿನ ಹೆಂಗಸರು ಕೈ ನಿಲ್ಲಿಸಿ ನಮ್ಮ ಕಡೆಯೇ ನೋಡುತ್ತಿದ್ದರು. ಅಷ್ಟು ಜನರೆದುರು ಕೂಗಿ ಕ್ಷಮೆ ಕೇಳಲು ನನ್ನ ದನಿ ಏಳಲಿಲ್ಲ. ಇದನ್ನೂ ಬರೆದಿಡಬೇಕು. ಅಲ್ಲಿಯೂ ನನಗೆ ನನ್ನ ಮಾನದ ಚಿಂತೆಯೇ ಇತ್ತು. ಕಣ್ಣಲ್ಲಿ ನೀರು ಬರುತ್ತಿತ್ತು. ಕಾಯಿಯ ಘಾಟಿಗೆ ಎಂದು ಆಕೆ ತಿಳಿಯಲಿ ಎಂದು ಕರವಸ್ತ್ರ ತೆಗೆದೆ.

ಆಕೆ ಹಾಗೆ ತಿಳಿಯಲಿಲ್ಲ. ಕೆಂಪು ಬೆರಳುಗಳಿಂದ ನನ್ನ ಮಣಿಕಟ್ಟು ಹಿಡಿದಳು.

“ನಿಮಗ ಯಾರೂ ಹೇಳವಲ್ರೇನ್ರಿ?” ಎಂದಳು. “ಕುಂದ್ರಿ. ನಾ ಹೇಳತೇನಿ. ಒಂದನೇ ಪಾಠ.”

ಹೇಳಿದಳು. ನಾನು ಇಪ್ಪತ್ತು ವರ್ಷದ ಹಿಂದೆ ಚಾಪೆಯ ಮುಂದೆ ಕೂತು ಹೇಳಿದ್ದನ್ನೇ, ಅದೇ ಅನುಕ್ರಮದಲ್ಲಿ, ನಡುವೆ ನಾನು ಕೆಮ್ಮುವ ಜಾಗದಲ್ಲಿ ತಾನೂ ನಿಂತು ಹೇಳಿದಳು. “ಎಲ್ಲಾರೂ ತಪ್ಪಿದವರು. ನಾನೂ ತಪ್ಪಿದಾಕಿ, ನೀವೂ ತಪ್ಪಿದವರು. ಅದರ ಸಲುವಾಗಿ ಸ್ವಾಮಿ ಸತ್ತ. ನಾಟಕ ಅಲ್ಲ, ಖರೇನ ಸತ್ತ. ಹುಗದ್ರು. ಕಲ್ಲು ಮುಚ್ಚಿದ್ರು. ಹೆಣ್ಣಮಕ್ಕಳು ದಾರ್‍ಯಾಗ ಚಿಂತಿ ಮಾಡಕೋತ ಹೋದ್ರು, ಯಾರು ತಗದಾರು ಅಂತ. ಹೋಗೂದ್ರಾಗ ತಗದಿತ್ತು. ನೀವು ತಗೀಬೇಕಾಗಿಲ್ಲ. ನೀವು ಮಾಡಿ ತೀರಸೂದು ಏನೂ ಉಳದಿಲ್ಲ. ಇದನ್ನ ನಂಬ್ರಿ ಅಯ್ಯನವರ.”

ಸಾವಿರ ಸಲ ಬಾಯಿಂದ ಆಡಿದ ಮಾತು ಅದು. ನನ್ನ ಕಿವಿಗೆ, ನನಗೆಂದೇ, ಯಾರೋ ಹೇಳಿದ್ದು ಅದು ಮೊದಲು. ನನಗೆ ಗೊತ್ತಿದ್ದದ್ದೇ. ಆದರೂ ಆ ಮಾತು ಕೇಳುವವರೆಗೂ ಆಕೆಯ ಕಣ್ಣಿಗೆ ಕಣ್ಣು ಕೊಡಲು ನನಗೆ ಆಗಿರಲಿಲ್ಲ. ಕೇಳಿದ ಮೇಲೆ ಆಯಿತು. ಕೈಮುಗಿದೆ. ನನ್ನ ಕ್ಷಮಾಪಣೆ ಆಕೆಗೆ ಕೊನೆಗೂ ಕೇಳಿಸಲಿಲ್ಲ, ಆದರೆ ಉತ್ತರ ಮೊದಲೇ ಕೊಟ್ಟಾಗಿತ್ತು. ಹೊರಡುವಾಗ ಕೇಳಿದೆ, ಸನ್ನೆ ಮಾಡಿ: ಈಗ ಕಿವಿ ಇಲ್ಲವಲ್ಲ, ಹೇಗೆ ಕೇಳುತ್ತೀರಿ?

“ಬಾಯಿ ಐತಲ್ರಿ,” ಎಂದಳು. “ಮುಂಜಾನೆ ಎದ್ದ ಕೂಡಲೆ ನನಗ ನಾನ ಹೇಳಕೋತೇನಿ. ಆದ್ರ ನಮ್ಮ ಬಾಯಿಲೆ ಹೇಳಕೊಂಡ್ರ ಅಷ್ಟು ರುಚಿ ಹತ್ತೂದಿಲ್ಲ. ಇನ್ನೊಬ್ಬರು ಹೇಳಬೇಕು.”

ನಾಲ್ಕು ತಿಂಗಳಿಗೆ ಆಕೆ ತೀರಿಕೊಂಡಳು. ಅತ್ತೆಯ ಸಂಗತಿಯನ್ನು ಇಲ್ಲಿ ಬರೆಯಲು ಮಗಳ ಒಪ್ಪಿಗೆ ಪಡೆದಿದ್ದೇನೆ. “ಅವ್ವ ಇದ್ದಿದ್ರ ತಾನ ಹೇಳತಿದ್ಲು, ಬರೀರಿ,” ಎಂದಳು.

ಮಣ್ಣಿಗೆ ರಾಣೇಬೆನ್ನೂರಿಗೇ ತಂದರು. ಚರ್ಚು ತುಂಬಿ, ಜನ ಅಂಗಳದಲ್ಲೂ ನಿಂತಿದ್ದರು. ಮಾರುಕಟ್ಟೆಯ ಅರ್ಧಕ್ಕರ್ಧ ಬಂದಿತ್ತು. ನಾನು ಕುಂದಿಲ್ಲದಂತೆ ಮಾತಾಡಬೇಕೆಂದು ಬೆಳಿಗ್ಗೆಯೇ ಕೂತು ಬರೆದುಕೊಂಡಿದ್ದೆ. ಹಸಿರು ಹೆಬ್ಬೆರಳು, ಎಲೆ ಹೊಳ್ಳಿಸುವ ಕೈ, ಹೊಸ್ತಿಲ ಬೆಳಕಿಗೆ ಕೂತ ಮುದುಕಿ, ಎಲ್ಲ ಹೇಳಿದೆ. ಆಕೆಯನ್ನು ಪಾಠದಿಂದ ಎಬ್ಬಿಸಿ ಕಳಿಸಿದ್ದನ್ನೂ ಹೇಳಿ ಕಣ್ಣೀರು ಹಾಕಿದೆ. ಜನ ನನ್ನ ಜೊತೆ ಅತ್ತರು. ಇಂಥ ಮಾತು ಕೇಳಿಲ್ಲ ಎಂದು ಹಿರಿಯರೊಬ್ಬರು ಕೈ ಹಿಡಿದುಕೊಂಡರು. ಸಮಾಧಿಯಲ್ಲಿ ಎಲ್ಲರೂ ಹಿಡಿ ಮಣ್ಣು ಹಾಕಿ ಮುಗಿಸಿದ ಮೇಲೆ, ಅಭ್ಯಾಸಬಲದಿಂದ, ಗೇಟಿನ ಹತ್ತಿರ ನಿಂತು ಒಬ್ಬೊಬ್ಬರಿಗೂ ಕೈಮುಗಿದು ಕಳಿಸಿದೆ. ದುಃಖದ ನಡುವೆಯೂ ಒಳಗೊಂದು ಹಿಗ್ಗು ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಎಲ್ಲರಿಗಿಂತ ಹಿಂದೆ ನೂರ್‌ಜಾನ್ ಬಂದಳು. ಸೆರಗಿನಲ್ಲಿ ಏನನ್ನೋ ಸುತ್ತಿ ಹಿಡಿದಿದ್ದಳು.

“ಚೊಲೋ ಹೇಳಿದ್ರಿ ಅಯ್ಯನವರ. ಅಕ್ಕಂದು ಎಲ್ಲಾ ಬಂತು,” ಎಂದಳು. ಮುಂದಕ್ಕೆ ಹೋಗದೆ ನಿಂತಳು. “ಅದು ಬಂತೇನ್ರಿ? ನನಗ ತಿಳೀಲಿಲ್ಲ.”

“ಯಾವುದು?” ಎಂದೆ. ಕೇಳಿದ ಮೇಲೆ ತಿಳಿಯಿತು.

“ಅಕ್ಕ ಕಾಯತಿದ್ಲಲ್ರಿ, ಅದು. ಇಷ್ಟು ವರ್ಷ ನಾ ಬಂತೇನ ಬಂತೇನ ಅಂತಷ್ಟ ಕೇಳಿದೆ, ಏನು ಅಂತ ಒಮ್ಮಿನೂ ಕೇಳಲಿಲ್ಲ. ಇವತ್ತು ಆಕೀ ಸಲುವಾಗಿ ಹೇಳತಾರ, ಅದೇನಂತ ಕೇಳೂಣು ಅಂತ ಬುಟ್ಟಿ ಬಿಟ್ಟು ಬಂದಿದ್ದೆ.”

ಬಂದಿರಲಿಲ್ಲ. ಒಂದು ಗಂಟೆ ಮಾತಾಡಿದ್ದೆ. ಆಕೆಯ ಒಳ್ಳೆಯತನ ಬಂದಿತ್ತು, ನನ್ನ ಪಶ್ಚಾತ್ತಾಪ ಬಂದಿತ್ತು, ನನ್ನ ಕಣ್ಣೀರು ಬಂದಿತ್ತು. ಆಕೆ ನನ್ನ ಮಣಿಕಟ್ಟು ಹಿಡಿದು ಹೇಳಿಕೊಟ್ಟು ಬರೀ ನಾಲ್ಕು ತಿಂಗಳಾಗಿತ್ತು. ಮರೆತಿದ್ದೆ. ಆಕೆಯ ಮಣ್ಣಿನಲ್ಲೇ ಮರೆತಿದ್ದೆ. ಮೂವತ್ತು ವರ್ಷ ಕೇಳಿದರೂ ಒಳಗೆ ಇಳಿದಿಲ್ಲವೇ ಎಂದು ಆಕೆಗೆ ಕೇಳಿದವನು ನಾನು.

“ಬರ್ರಿ,” ಎಂದು ನೂರ್‌ಜಾನಳನ್ನು ಮತ್ತೆ ಸಮಾಧಿಯ ಹತ್ತಿರ ಕರೆದುಕೊಂಡು ಹೋದೆ. ಇಬ್ಬರು ಆಳುಗಳು ಸಲಿಕೆಯಿಂದ ಮಣ್ಣು ಎಳೆಯುತ್ತಿದ್ದರು. ಮಗಳು ಒಂದು ಕಲ್ಲಿನ ಮೇಲೆ ಕೂತಿದ್ದಳು. ಬರೆದುಕೊಂಡ ಹಾಳೆಯನ್ನು ಜೇಬಿನಲ್ಲೇ ಬಿಟ್ಟು, ಎಸ್ತೇರವ್ವ ಹೇಳಿಕೊಟ್ಟ ಹಾಗೆಯೇ ಹೇಳಿದೆ. ಎಲ್ಲಾರೂ ತಪ್ಪಿದವರು. ನಾನೂ ತಪ್ಪಿದವನು. ಸ್ವಾಮಿ ಸತ್ತ, ಹುಗಿದರು, ಕಲ್ಲು ಮುಚ್ಚಿದರು. ಹೆಣ್ಣುಮಕ್ಕಳು ಹೋಗುವುದರೊಳಗೆ ಬಾಗಿಲು ತೆಗೆದಿತ್ತು. ಐದು ನಿಮಿಷವೂ ಹಿಡಿಯಲಿಲ್ಲ. ಆಳುಗಳೂ ಸಲಿಕೆ ಊರಿಕೊಂಡು ನಿಂತು ಕೇಳಿದರು.

“ಇಷ್ಟ ಏನ್ರಿ?” ಎಂದಳು ನೂರ್‌ಜಾನ್.

“ಇಷ್ಟ.”

ಆಕೆ ಸೆರಗು ಬಿಚ್ಚಿ, ಒದ್ದೆ ಅರಿವೆಯಲ್ಲಿ ಸುತ್ತಿ ತಂದಿದ್ದ ಒಂದು ಹಿಡಿ ಎಲೆಯನ್ನು ಹಸಿಮಣ್ಣಿನ ಮೇಲೆ ಇಟ್ಟಳು. ಬಗ್ಗಿದವಳು ಹಾಗೆಯೇ, ಮಗ್ಗುಲ ಬುಟ್ಟಿಯವಳಿಗೆ ಹೇಳುವಷ್ಟೇ ದನಿಯಲ್ಲಿ ಹೇಳಿದಳು:

“ಎಸ್ತೇರಕ್ಕಾ, ಇವತ್ತು ಬಂತವ್ವಾ.”

ನನ್ನ ಕಡೆ ನೋಡದೆ ಮಾರುಕಟ್ಟೆಗೆ ಹೊರಟಳು. ನಾನು ತಲೆ ತಗ್ಗಿಸಿಕೊಂಡು ಅಲ್ಲಿಯೇ ನಿಂತಿದ್ದೆ.